ಸಂಗಾತಿ ಜೊತೆ ವಿಸ್ಕಿ ಟೇಸ್ಟಿಂಗ್‌ಗೆ ಹೋಗುವವರಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ವಿಸ್ಕಿ ಟೇಸ್ಟಿಂಗ್ ಕೂಟಗಳಿಗೆ ಈಗ ಕೊರತೆ ಇಲ್ಲ. ದೊಡ್ಡ ಹೋಟೆಲ್‌ಗಳಲ್ಲಿ ಟಿಕೆಟ್ ಇಟ್ಟು ನಡೆಸುತ್ತಾರೆ. ಬಾರ್‌ನ ಒಂದು ಮೂಲೆಯಲ್ಲಿ ಕಂಪನಿಯವರೇ ನಡೆಸುವುದೂ ಉಂಟು. ಗೆಳೆಯರ ಮನೆಯ ಹಾಲ್‌ನಲ್ಲಿ ಎಂಟು ಹತ್ತು ಜನ ಸೇರಿ, ತಲೆಗೆ ಇಷ್ಟು ಅಂತ ದುಡ್ಡು ಹಾಕಿ, ಬಾಟಲಿ ತರಿಸಿಕೊಂಡು ಕೂರುವ ಕೂಟಗಳೂ ಇವೆ. ನಾನು ನನ್ನ ಗಂಡನ ಜೊತೆ ಹೋಗುವುದು ಹೆಚ್ಚಾಗಿ ಇಂಥ ಮನೆ ಕೂಟಗಳಿಗೆ.

ಒಂದೇ ಬಾಟಲಿಯಿಂದ ಬಗ್ಗಿಸಿದ ವಿಸ್ಕಿಯಲ್ಲಿ ಅವರಿಗೆ ಒಣದ್ರಾಕ್ಷಿ ಸಿಗುತ್ತದೆ, ನನಗೆ ಹುರಿಗಡಲೆ ಸಿಗುತ್ತದೆ. ಆ ವ್ಯತ್ಯಾಸದ ಬಗ್ಗೆ ಕೂತು ಮಾತಾಡುವುದೇ ಈ ಕೂಟಗಳ ದೊಡ್ಡ ಸುಖ ಅಂತ ನನ್ನ ನಂಬಿಕೆ. ಈ ಲೇಖನದಲ್ಲಿ ಹೇಳುವುದೆಲ್ಲ ಆ ಸುಖ ಕೆಡದ ಹಾಗೆ ನೋಡಿಕೊಳ್ಳುವ ಕ್ರಮ.

ಮೊದಲು ಇಬ್ಬರೂ ಮಾತಾಡಿಕೊಳ್ಳಿ

ಹೋಗುವ ಮುಂಚೆ ಮೂರು ವಿಷಯ ತೀರ್ಮಾನ ಆಗಬೇಕು. ಯಾರು ಎಷ್ಟು ಕುಡಿಯುತ್ತೀರಿ, ಎಷ್ಟು ಹೊತ್ತಿಗೆ ಹೊರಡುತ್ತೀರಿ, ಮನೆಗೆ ಹೇಗೆ ಬರುತ್ತೀರಿ.

ನಿಮ್ಮ ಸಂಗಾತಿ ಕುಡಿಯದವರಾದರೆ ಬರಬಾರದು ಅಂತೇನೂ ಇಲ್ಲ. ವಿಸ್ಕಿ ಟೇಸ್ಟಿಂಗ್‌ನಲ್ಲಿ ಮುಕ್ಕಾಲು ಕೆಲಸ ಮೂಗಿನದು. ಗ್ಲಾಸನ್ನು ಮೂಸಿ, ಅನಿಸಿದ್ದನ್ನು ಹೇಳಿ, ತುಟಿಗೆ ಸೋಕಿಸದೆ ಪಕ್ಕಕ್ಕೆ ಇಡಬಹುದು. ದಿನಾ ಅಡುಗೆ ಮಾಡುವವರು, ಮಸಾಲೆ ಹುರಿಯುವವರು, ಹೂ ಹಣ್ಣಿನ ನಡುವೆ ಬೆಳೆದವರು ವಾಸನೆಗಳನ್ನು ಎಷ್ಟು ಚೆನ್ನಾಗಿ ಗುರುತಿಸುತ್ತಾರೆ ಅಂದರೆ, ಹಳೇ ಕುಡುಕರೂ ತಲೆದೂಗಬೇಕು. ಆದರೆ ಇಷ್ಟವಿಲ್ಲದವರನ್ನು ಎಳೆದುಕೊಂಡು ಹೋಗಬೇಡಿ. ಬಸುರಿಯರು, ಆಲ್ಕೋಹಾಲ್ ಜೊತೆ ಹೊಂದದ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಕುಡಿತ ಬಿಡಲು ಕಷ್ಟಪಡುತ್ತಿರುವವರು ಇದರಿಂದ ದೂರ ಇರುವುದೇ ಸರಿ. ಕರ್ನಾಟಕದ ಬಾರ್‌ಗಳಲ್ಲಿ 21 ತುಂಬದವರಿಗೆ ಕೊಡುವುದಿಲ್ಲ. ಮನೆ ಕೂಟಕ್ಕೂ ಅದೇ ನಿಯಮ ಇಟ್ಟುಕೊಳ್ಳಿ.

ಇನ್ನು ಲೆಕ್ಕ. ಟೇಸ್ಟಿಂಗ್‌ನಲ್ಲಿ ಒಂದು ಸಲ ಬಗ್ಗಿಸುವುದು ಸಾಮಾನ್ಯವಾಗಿ 15 ಮಿಲಿ, ಅಂದರೆ ನಮ್ಮ ಬಾರ್‌ನ ಒಂದು ಸ್ಮಾಲ್‌ನ ಅರ್ಧ. ನೋಡಲು ಏನೂ ಇಲ್ಲ ಅನಿಸುತ್ತದೆ. ಆದರೆ ಐದು ವಿಸ್ಕಿ ಆಗುವಷ್ಟರಲ್ಲಿ 75 ಮಿಲಿ ಒಳಗೆ ಹೋಗಿರುತ್ತದೆ. ನಮ್ಮ ಮಾಮೂಲಿ ವಿಸ್ಕಿಗಳಲ್ಲಿ ಆಲ್ಕೋಹಾಲ್ ಶೇ 42.8. ಟೇಸ್ಟಿಂಗ್‌ಗೆ ಬರುವ ಸಿಂಗಲ್ ಮಾಲ್ಟ್‌ಗಳು, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿಗಳು, ಎಷ್ಟೋ ಸಲ ಶೇ 46. ವಿಸ್ಕಿ ಮಾಗಿಸುವ ಮರದ ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ ಕಾಸ್ಕ್ ಸ್ಟ್ರೆಂತ್ ಆದರೆ ಶೇ 60ರ ಹತ್ತಿರ ಹೋಗುವುದೂ ಇದೆ. ಶೇ 46ರ 75 ಮಿಲಿಯಲ್ಲಿ ಸುಮಾರು 27 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದೇಹ ಅದನ್ನು ಗಂಟೆಗೆ ಹೆಚ್ಚು ಕಡಿಮೆ 7ರಿಂದ 10 ಗ್ರಾಂನಂತೆ ಕರಗಿಸುತ್ತದೆ. ಕಾಫಿ ಕುಡಿದರೂ, ತಣ್ಣೀರಲ್ಲಿ ಮುಖ ತೊಳೆದರೂ ಅದರ ವೇಗ ಹೆಚ್ಚಾಗುವುದಿಲ್ಲ.

ಹಾಗಾಗಿ ಗಾಡಿ ತೆಗೆದುಕೊಂಡು ಹೋಗಲೇಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ತಪ್ಪು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡಕ್ಕಿಂತ ದೊಡ್ಡದು ರಸ್ತೆಯಲ್ಲಿ ಎದುರಿಗೆ ಬರುವವರ ಜೀವ. ಮೆಟ್ರೋಗೆ ಹತ್ತಿರದ ಜಾಗ ಆದರೆ ಒಳ್ಳೆಯದು. ಇಲ್ಲವಾದರೆ ಕ್ಯಾಬ್‌ನ ಖರ್ಚನ್ನೂ ಟಿಕೆಟ್‌ನ ಖರ್ಚಿನ ಜೊತೆಗೇ ಸೇರಿಸಿ ಯೋಚಿಸಿ. "ಒಬ್ಬರು ಕಮ್ಮಿ ಕುಡಿದು ಓಡಿಸೋಣ" ಎನ್ನುವ ಒಪ್ಪಂದವನ್ನು ನಾನು ಒಪ್ಪುವುದಿಲ್ಲ. ಓಡಿಸುವವರು ಒಂದು ಹನಿಯೂ ಮುಟ್ಟಬಾರದು.

ಎಂಥ ಕೂಟಕ್ಕೆ ಹೋಗಬೇಕು

ಮೊದಲ ಸಲ ಹೋಗುವವರಿಗೆ ಚಿಕ್ಕ ಕೂಟವೇ ಮೇಲು. ಕಂಪನಿಗಳು ನಡೆಸುವ ಕಾರ್ಯಕ್ರಮಗಳಲ್ಲಿ ಕಲಿಯುವುದು ಬೇಕಾದಷ್ಟಿದೆ. ಪೀಪಾಯಿ ಎಲ್ಲಿಂದ ಬಂತು, ಬಾರ್ಲಿ ಯಾವುದು ಅಂತ ಅವರು ವಿವರವಾಗಿ ಹೇಳುತ್ತಾರೆ. ಆದರೆ ಅಲ್ಲಿ ಒಂದೇ ಕಂಪನಿಯ ವಿಸ್ಕಿಗಳು, ಎಲ್ಲಕ್ಕೂ ಹೊಗಳಿಕೆ. "ನನಗೆ ಇದು ಹಿಡಿಸಲಿಲ್ಲ" ಅಂತ ಬಾಯಿಬಿಟ್ಟು ಹೇಳಲು ಹೊಸಬರಿಗೆ ಧೈರ್ಯ ಬರುವುದಿಲ್ಲ.

ಹೆಸರು ಕೊಡುವ ಮುಂಚೆ ನಡೆಸುವವರನ್ನು ಕೇಳಿ: ಎಷ್ಟು ವಿಸ್ಕಿ, ಒಂದೊಂದೂ ಎಷ್ಟು ಮಿಲಿ, ಊಟ ಇದೆಯಾ, ಉಗುಳಲು ಕಪ್ ಕೊಡುತ್ತೀರಾ. ನಾಲ್ಕೈದು ವಿಸ್ಕಿ ಸಾಕು. ಎಂಟು ಹತ್ತು ಇಟ್ಟರೆ ಆರನೆಯದರ ಹೊತ್ತಿಗೆ ಮೂಗು ಸೋತಿರುತ್ತದೆ, ಉಳಿದವಕ್ಕೆ ಕೊಟ್ಟ ದುಡ್ಡು ದಂಡ. ಉಗುಳುವ ಕಪ್ ಬಗ್ಗೆ ಮುಜುಗರ ಬೇಡ. ವಿಸ್ಕಿ ಬೆರೆಸುವುದನ್ನೇ ಕಸುಬು ಮಾಡಿಕೊಂಡವರು ದಿನವಿಡೀ ಮೂಸುತ್ತಾರೆ, ಬಾಯಿಗೆ ಹಾಕಿಕೊಂಡರೂ ಉಗುಳುತ್ತಾರೆ.

ಆ ದಿನ ಮನೆಯಲ್ಲಿ

ಹೊಟ್ಟೆ ತುಂಬ ಊಟ ಮಾಡಿ ಹೊರಡಿ. ಖಾರ, ಬೆಳ್ಳುಳ್ಳಿ, ಉಪ್ಪಿನಕಾಯಿ ಬೇಡ. ಮೊಸರನ್ನ, ಇಲ್ಲವೇ ಚಪಾತಿ ಜೊತೆ ಸಪ್ಪೆ ಪಲ್ಯ ಒಳ್ಳೆಯದು. ಬಿಸಿಬೇಳೆಬಾತ್ ಮರುದಿನಕ್ಕಿರಲಿ. ಹೋಗುವ ಒಂದು ಗಂಟೆ ಮುಂಚಿನಿಂದ ಕಾಫಿ, ಎಲೆ ಅಡಿಕೆ, ಸಿಗರೇಟು, ಪುದೀನ ಮಿಠಾಯಿ ಬಿಡಿ. ಹಲ್ಲುಜ್ಜಿ ಹೊರಡುವುದೂ ಬೇಡ, ಪೇಸ್ಟಿನ ರುಚಿ ಬಾಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ.

ಸೆಂಟ್ ಹಾಕಿಕೊಳ್ಳಬೇಡಿ. ಮಲ್ಲಿಗೆ ಮುಡಿಯುವ ಆಸೆ ಇದ್ದರೆ ಅದನ್ನೂ ಆ ಒಂದು ಸಂಜೆ ತಡೆದುಕೊಳ್ಳಿ. ಮುಡಿದವರಿಗೆ ಅದು ಗೊತ್ತಾಗುವುದಿಲ್ಲ, ಪಕ್ಕದ ನಾಲ್ಕು ಜನರ ಗ್ಲಾಸಿನಲ್ಲೂ ಮಲ್ಲಿಗೆಯೇ ಬರುತ್ತದೆ. ನೆಗಡಿ ಆಗಿದ್ದರೆ ಹೋಗಿ ಪ್ರಯೋಜನ ಇಲ್ಲ. ಟಿಕೆಟ್ ಯಾರಿಗಾದರೂ ಕೊಟ್ಟುಬಿಡಿ.

ಇಬ್ಬರಿಗೂ ಬೇರೆ ಬೇರೆ ನೋಟ್‌ಬುಕ್, ಬೇರೆ ಬೇರೆ ಪೆನ್ ತೆಗೆದುಕೊಳ್ಳಿ. ಇದು ಸುಮ್ನೆ ಹೇಳುತ್ತಿಲ್ಲ, ಕಾರಣ ಮುಂದೆ ಬರುತ್ತದೆ.

ಗ್ಲಾಸ್ ಕೈಗೆ ಬಂದ ಮೇಲೆ

ಹೆಚ್ಚಾಗಿ ಕೊಡುವುದು ಗ್ಲೆನ್‌ಕೇರ್ನ್ ಗ್ಲಾಸ್. ಕೆಳಗೆ ಉಬ್ಬಿ, ಮೇಲೆ ಕಿರಿದಾಗಿರುತ್ತದೆ. ಸ್ಕಾಟ್ಲೆಂಡಿನ ಗಾಜಿನ ಕಂಪನಿಯೊಂದು 2001ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಉಬ್ಬಿನಲ್ಲಿ ವಾಸನೆ ಸೇರಿಕೊಂಡು, ಕಿರಿದಾದ ಬಾಯಿಯಿಂದ ನೇರ ಮೂಗಿಗೆ ಬರುತ್ತದೆ. ಅಗಲ ಬಾಯಿಯ ಮಾಮೂಲಿ ಗ್ಲಾಸಿನಲ್ಲಿ ಅದೆಲ್ಲ ಗಾಳಿಗೆ ಹೋಗುತ್ತದೆ. ಟೇಸ್ಟಿಂಗ್ ಹೊತ್ತಿನಲ್ಲಿ ಐಸ್ ಬೇಡ. ತಣ್ಣಗಾದರೆ ವಾಸನೆ ಏಳುವುದೇ ಇಲ್ಲ. ಮನೆಗೆ ಹೋದ ಮೇಲೆ ಐಸ್, ಸೋಡಾ, ಹೇಗೆ ಬೇಕಾದರೂ ಕುಡಿಯಿರಿ. ಅದರಲ್ಲಿ ಮೇಲು ಕೀಳು ಇಲ್ಲ.

ಬಣ್ಣ ನೋಡಿ ತೀರ್ಪು ಕೊಡಬೇಡಿ. ಕಡು ಬಣ್ಣ ಅಂದರೆ ಹಳೆಯ ವಿಸ್ಕಿ ಅಂತ ತುಂಬಾ ಜನ ನಂಬಿದ್ದಾರೆ. ಸ್ಕಾಚ್‌ಗೆ ಬಣ್ಣಕ್ಕಾಗಿ ಕ್ಯಾರಮೆಲ್ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ.

ಈಗ ಮೂಗು. ಗ್ಲಾಸನ್ನು ಮೊದಲು ಗದ್ದದ ಮಟ್ಟಕ್ಕೆ ಹಿಡಿದು, ನಿಧಾನ ಮೇಲಕ್ಕೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ, ಆಗ ಆಲ್ಕೋಹಾಲ್‌ನ ಘಾಟು ಅಷ್ಟಾಗಿ ಹೊಡೆಯುವುದಿಲ್ಲ. ಮೂಗನ್ನು ಗ್ಲಾಸಿನೊಳಗೆ ಇಳಿಸಿ ಜೋರಾಗಿ ಎಳೆದುಕೊಂಡರೆ ಹತ್ತು ನಿಮಿಷ ಏನೂ ಗೊತ್ತಾಗುವುದಿಲ್ಲ. ಚಿಕ್ಕ ಚಿಕ್ಕ ಉಸಿರು ಸಾಕು. ವೈನ್ ತರಹ ಗರಗರ ತಿರುಗಿಸುವುದೂ ಬೇಡ, ಘಾಟೇ ಮೇಲೆ ಬರುತ್ತದೆ. ಮೂಗು ದಣಿಯಿತು ಅನಿಸಿದರೆ ನಿಮ್ಮದೇ ತೋಳನ್ನು ಒಂದು ಸಲ ಮೂಸಿ. ನಿಮ್ಮ ಮೈವಾಸನೆ ಮೂಗಿಗೆ ಪರಿಚಿತ, ಅಲ್ಲಿಂದ ಮತ್ತೆ ಶುರು ಮಾಡಬಹುದು.

ಇಲ್ಲೇ ಆ ಎರಡು ನೋಟ್‌ಬುಕ್‌ಗಳ ಕೆಲಸ. ಮೊದಲ ಐದು ನಿಮಿಷ ಮಾತು ಬೇಡ. ಸಂಗಾತಿಯ ಮುಖವನ್ನೂ ನೋಡಬೇಡಿ. ಸಿಕ್ಕಿದ್ದನ್ನು ಬರೆದುಕೊಳ್ಳಿ. ಯಾರಾದರೂ ಒಬ್ಬರು "ಬಾಳೆಹಣ್ಣು" ಅಂದರೆ ಮುಗಿಯಿತು, ಇಡೀ ಕೋಣೆಗೆ ಬಾಳೆಹಣ್ಣೇ ಬರುತ್ತದೆ. ಗಂಡ ಹೆಂಡತಿಯರಲ್ಲಿ ಇದು ಇನ್ನೂ ಜಾಸ್ತಿ. ಹೆಚ್ಚು ಓದಿಕೊಂಡವರು ಮೊದಲು ಹೇಳಿಬಿಡುತ್ತಾರೆ, ಇನ್ನೊಬ್ಬರು ತಮ್ಮ ಮೂಗನ್ನು ನಂಬುವುದನ್ನೇ ಬಿಟ್ಟು "ಹೌದು ಹೌದು" ಅನ್ನುತ್ತಾರೆ. ಬರೆದ ಮೇಲೆ ಪುಸ್ತಕ ಅದಲು ಬದಲು ಮಾಡಿಕೊಂಡು ಓದಿ. ಹೊಂದಿಕೆಯಾಗದ ಸಾಲುಗಳಿಂದಲೇ ಒಳ್ಳೆಯ ಮಾತು ಹುಟ್ಟುತ್ತದೆ. "ಎಲ್ಲಿ, ಇನ್ನೊಂದು ಸಲ ನೋಡ್ತೀನಿ" ಅಂತ ಮತ್ತೆ ಗ್ಲಾಸಿಗೆ ಹೋಗಿ ಹುಡುಕುವಾಗ ಮೊದಲು ತಪ್ಪಿಸಿಕೊಂಡಿದ್ದೂ ಸಿಗುತ್ತದೆ.

ಆಮೇಲೆ ಬಾಯಿ. ಮೊದಲ ಗುಟುಕು ಬಾಯಿಯನ್ನು ಸಿದ್ಧ ಮಾಡಲು ಮಾತ್ರ, ಅದರ ಮೇಲೆ ಅಭಿಪ್ರಾಯ ಬೇಡ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಸೆಕೆಂಡ್ ಇಟ್ಟುಕೊಳ್ಳಿ. ನುಂಗಿ ಇಲ್ಲವೇ ಉಗುಳಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಹೋಗುವ ಆ ಉಸಿರಿನಲ್ಲೇ ಅರ್ಧ ರುಚಿ ಇರುತ್ತದೆ.

ಕೊನೆಗೆ ನೀರು. ಹನಿ ಹನಿಯಾಗಿ ಸೇರಿಸಿ, ಮತ್ತೆ ಮೂಸಿ. ಕೆಲವು ವಿಸ್ಕಿ ಪೂರ್ತಿ ಬದಲಾಗುತ್ತವೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಮಾದರಿ ಕಟ್ಟಿ ಇದರ ಕಾರಣ ಹುಡುಕಿದರು. ವಿಸ್ಕಿಗೆ ಹೊಗೆಯ ಗುಣ ಕೊಡುವ ಗ್ವಾಯಕಾಲ್ ಎಂಬ ವಸ್ತು, ನೀರು ಬೆರೆತಾಗ ಆಲ್ಕೋಹಾಲ್ ಜೊತೆ ದ್ರವದ ಮೇಲ್ಭಾಗಕ್ಕೆ ಬಂದು ಸೇರುತ್ತದೆ ಅಂತ ಅವರ ಲೆಕ್ಕ ತೋರಿಸಿತು. ಮೇಲೆ ಬಂದಿದ್ದು ಮೂಗಿಗೆ ಸಿಗುತ್ತದೆ. ಹಾಗಾಗಿ ನೀರು ಹಾಕಿದರೆ ವಿಸ್ಕಿ ಕೆಡುತ್ತದೆ ಎನ್ನುವವರ ಮಾತಿಗೆ ಹೆದರಬೇಡಿ. ಬೀಳುವ ಹನಿಯ ಲೆಕ್ಕ ಮಾತ್ರ ಇರಲಿ.

ವಾಸನೆಗೆ ಹೆಸರು ಎಲ್ಲಿಂದ ತರುವುದು

ಹೊಸಬರು ಸೋಲುವುದು ಇಲ್ಲೇ. ಬಾಟಲಿಯ ಮೇಲೆ ಹೆದರ್ ಹೂ, ಕ್ರಿಸ್ಮಸ್ ಕೇಕ್, ಗೂಸ್‌ಬೆರ್ರಿ ಅಂತ ಬರೆದಿರುತ್ತದೆ. ಹೆದರ್ ಹೂವನ್ನು ನಾವು ಕಂಡೇ ಇಲ್ಲ, ಅದನ್ನು ಗ್ಲಾಸಿನಲ್ಲಿ ಹುಡುಕುವುದು ಹೇಗೆ? ನಿಮ್ಮ ಅಡುಗೆಮನೆ, ಅಂಗಳ, ಸಂತೆಯ ವಾಸನೆಗಳನ್ನೇ ಬರೆಯಿರಿ. ಜೋನಿಬೆಲ್ಲ, ರಸಬಾಳೆ, ಕೊಡಗಿನ ಜೇನು, ಏಲಕ್ಕಿ, ಒಣ ಕೊಬ್ಬರಿ, ಹಳೇ ಮರದ ಬೀರು, ಬಚ್ಚಲೊಲೆಯ ಹೊಗೆ, ಮಳೆ ಬಿದ್ದ ಕೆಮ್ಮಣ್ಣು. ಇವೆಲ್ಲ ಹೆದರ್ ಹೂವಿನಷ್ಟೇ ಗೌರವದ ಪದಗಳು.

ಇವು ಬರೀ ಕಲ್ಪನೆಯೂ ಅಲ್ಲ, ಪ್ರತಿಯೊಂದಕ್ಕೂ ಹಿಂದೆ ಕಾರಣ ಇರುತ್ತದೆ. ಬಾಳೆಹಣ್ಣು, ಪೇರ್ ಹಣ್ಣಿನ ವಾಸನೆ ಬಂದರೆ ಅದು ಬಾರ್ಲಿ ರಸ ಹುದುಗುವಾಗ ಹುಟ್ಟಿದ ಎಸ್ಟರ್ ಎಂಬ ವಾಸನೆಯ ವಸ್ತುಗಳದು. ವೆನಿಲಾ ಮತ್ತು ಕೊಬ್ಬರಿ ಓಕ್ ಮರದಿಂದ ಬರುತ್ತವೆ, ಅದರಲ್ಲೂ ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಗಳಿಂದ. ಖರ್ಜೂರ, ಒಣದ್ರಾಕ್ಷಿ, ಕಡು ಬೆಲ್ಲ ಸಿಕ್ಕರೆ ಸ್ಪೇನಿನ ಶೆರಿ ವೈನ್‌ನ ಪೀಪಾಯಿ ಇರಬಹುದು ಅಂತ ಊಹಿಸಿ. ಹೊಗೆ, ಆಸ್ಪತ್ರೆಯ ಡೆಟಾಲ್ ತರಹದ್ದು ಬಂದರೆ ಪೀಟ್. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧ ಕೊಳೆತ ಗಿಡಗಳ ಹೆಂಟೆ ಅದು. ಅದನ್ನು ಉರಿಸಿ, ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಗಳು ಇದಕ್ಕೆ ಹೆಸರುವಾಸಿ. ಮೊದಲ ಸಲ ಮೂಸಿದವರು ಮುಖ ಸಿಂಡರಿಸಿದರೆ ಆಶ್ಚರ್ಯ ಇಲ್ಲ. ಆದರೆ ಸೌದೆ ಒಲೆಯ ಸ್ನಾನದ ಮನೆ ಕಂಡವರಿಗೆ ಅದು ಬೇಗ ಹತ್ತಿರ ಆಗುತ್ತದೆ, ಇದನ್ನು ಮಲೆನಾಡಿನ ಗೆಳೆಯರಲ್ಲಿ ಗಮನಿಸಿದ್ದೇನೆ.

ಬಾಟಲಿ ಮುಚ್ಚಿಟ್ಟು ಕುಡಿಯುವುದು

ಗೆಳೆಯರ ಕೂಟದಲ್ಲಿ ಒಂದು ಸುತ್ತನ್ನಾದರೂ ಹೀಗೆ ನಡೆಸಿ ಅಂತ ಕೇಳಿಕೊಳ್ಳಿ. ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ, ನಂಬರ್ ಬರೆದರೆ ಆಯಿತು. ಬೆಲೆ, ವಯಸ್ಸು, ದೇಶ ಯಾವುದೂ ಗೊತ್ತಿರಬಾರದು. ಎಲ್ಲರೂ ಅಂಕ ಕೊಟ್ಟ ಮೇಲೆ ಕಾಗದ ಬಿಚ್ಚಿ.

ನಮ್ಮೂರಿನ ಅಮೃತ್ ಕೂಡ ಲೋಕಕ್ಕೆ ಪರಿಚಯ ಆಗಿದ್ದು ಈ ದಾರಿಯಲ್ಲೇ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ ಅದು, ಡಿಸ್ಟಿಲರಿ ಇರುವುದು ಮೈಸೂರು ರಸ್ತೆಯ ಕಡೆ ಕಂಬೀಪುರದಲ್ಲಿ. ತಮ್ಮ ಸಿಂಗಲ್ ಮಾಲ್ಟ್ ಅನ್ನು ಅವರು 2004ರಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಅದಕ್ಕೂ ಮುಂಚೆ ಅಲ್ಲಿನ ಪಬ್ ಗಿರಾಕಿಗಳಿಗೆ ಹೆಸರು ಹೇಳದೆ ಕುಡಿಸಿ ನೋಡಿದ್ದರು. ಸ್ಕಾಟ್ಲೆಂಡಿನವರು ಅದನ್ನು ತಮ್ಮದೇ ವಿಸ್ಕಿ ಅಂದುಕೊಂಡರು. ಭಾರತದ್ದು ಅಂತ ಮೊದಲೇ ಹೇಳಿದ್ದರೆ ಹಾಗೆ ಅನ್ನುತ್ತಿದ್ದರಾ? ಮುಂದೆ ವಿಸ್ಕಿ ವಿಮರ್ಶಕ ಜಿಮ್ ಮರ್ರೆ, ವಿಸ್ಕಿಗಳಿಗೆ ಅಂಕ ಕೊಡುವ ತಮ್ಮ ಪುಸ್ತಕ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು.

ವಯಸ್ಸಿನ ನಂಬರ್ ನೋಡಿ ಮರುಳಾಗಬಾರದು ಎನ್ನುವುದಕ್ಕೂ ಅಮೃತ್ ಒಳ್ಳೆಯ ಪಾಠ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಶೇ 10ಕ್ಕೂ ಮೀರಿ ಹೋಗುತ್ತದೆ. ಮರದ ಜೊತೆಗಿನ ಕೊಡುಕೊಳ್ಳುವಿಕೆಯೂ ಅಷ್ಟೇ ಚುರುಕು. ಅಲ್ಲಿ ಹನ್ನೆರಡು ವರ್ಷ ಕಾಯುವ ಕೆಲಸ ಇಲ್ಲಿ ನಾಲ್ಕೈದು ವರ್ಷಕ್ಕೆ ಆಗುತ್ತದೆ. 2013ರಲ್ಲಿ ಅವರು ಎಂಟು ವರ್ಷದ ವಿಸ್ಕಿ ತಂದಾಗ ಅದೇ ದೊಡ್ಡ ಸುದ್ದಿ ಆಗಿತ್ತು.

ಜೊತೆ ಕೂತವರ ಜೊತೆ

ಕೂಟದಲ್ಲಿ ಹೆಂಗಸರಿಗೆ "ನಿಮಗೆ ವೈನ್ ಕೊಡ್ಲಾ?" ಅಂತ ಕೇಳುವುದನ್ನು ದಯವಿಟ್ಟು ಬಿಡಿ. ಎಲ್ಲರಿಗೂ ಒಂದೇ ಅಳತೆ, ಒಂದೇ ಸರದಿ. ಗಂಡನಿಗೆ ವಿವರಿಸಿ, ಹೆಂಡತಿಗೆ ನಕ್ಕು ಸುಮ್ಮನಾಗುವವರನ್ನು ನಾನು ಕಂಡಿದ್ದೇನೆ. ಹಾಗಾದಾಗ ನನ್ನ ಗಂಡ "ಅವಳ ನೋಟ್ಸ್ ಕೇಳಿ" ಅನ್ನುತ್ತಾರೆ. ಸಂಗಾತಿ ಮಾಡಬೇಕಾದ್ದು ಅಷ್ಟೇ. ವಿಸ್ಕಿ ಗಂಡಸರದು ಎನ್ನುವವರಿಗೆ ಐಲಾದ ಲಫ್ರೋಯ್ಗ್ ಡಿಸ್ಟಿಲರಿಯ ಕಥೆ ಹೇಳಿ. 1934ರಲ್ಲಿ ತಾತ್ಕಾಲಿಕ ಕಾರ್ಯದರ್ಶಿಯಾಗಿ ಸೇರಿದ ಬೆಸ್ಸಿ ವಿಲಿಯಮ್ಸನ್ 1954ರಲ್ಲಿ ಅದರ ಒಡತಿ ಆದರು. ಜಪಾನಿನ ನಿಕ್ಕಾ ವಿಸ್ಕಿಯ ಹಿಂದೆ ಒಂದು ಜೋಡಿಯೇ ಇದೆ. ವಿಸ್ಕಿ ಕಲಿಯಲು 1918ರಲ್ಲಿ ಸ್ಕಾಟ್ಲೆಂಡಿಗೆ ಹೋದ ಮಸತಾಕ ತಾಕೆತ್ಸುರು, ಅಲ್ಲಿನ ರೀಟಾ ಕೋವನ್‌ರನ್ನು 1920ರಲ್ಲಿ ಮದುವೆಯಾಗಿ ಊರಿಗೆ ಮರಳಿದರು. 1934ರಲ್ಲಿ ಸ್ವಂತ ಕಂಪನಿ ಶುರು ಮಾಡಿ ಯೋಯಿಚಿಯಲ್ಲಿ ಡಿಸ್ಟಿಲರಿ ಕಟ್ಟುವಾಗ ರೀಟಾ ಜೊತೆಗಿದ್ದರು.

"ಕಂಪನಿ ಕೊಡಿ", "ಇನ್ನೊಂದು ಸ್ಮಾಲ್" ಎನ್ನುವ ಒತ್ತಾಯಕ್ಕೆ ಇಲ್ಲಿ ಜಾಗ ಇಲ್ಲ. ಯಾರಾದರೂ ಹಾಗೆ ಶುರು ಮಾಡಿದರೆ ಗ್ಲಾಸಿನ ಮೇಲೆ ಕೈ ಇಟ್ಟು "ಸಾಕು" ಅನ್ನಿ. ಕಾರಣ ಕೊಡಬೇಕಾಗಿಲ್ಲ. ಮತ್ತೆ ಮತ್ತೆ ಬಲವಂತ ಮಾಡುವ ಕೂಟಕ್ಕೆ ಎರಡನೇ ಸಲ ಹೋಗದಿರುವುದೇ ಒಳ್ಳೆಯದು.

ಫೋಟೋ ವಿಷಯ ಮರೆಯಬೇಡಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ, ಅಪ್ಪ ಅಮ್ಮನಿಗೆ, ಅತ್ತೆ ಮಾವನಿಗೆ, ಆಫೀಸಿನವರಿಗೆ ಅವರು ಕುಡಿಯುವುದು ಗೊತ್ತಿರುವುದಿಲ್ಲ. ಬಾಟಲಿಯ ಫೋಟೋ ತೆಗೆಯಿರಿ. ಮುಖ ಬರುವುದಾದರೆ ಕೇಳಿ ತೆಗೆಯಿರಿ. ಎಲ್ಲೂ ಟ್ಯಾಗ್ ಮಾಡಬೇಡಿ.

ನಿಮ್ಮ ಮನೆಗೇ ಕರೆದರೆ

ಕೆಲವು ಸಲ ಹೋಗಿ ಬಂದ ಮೇಲೆ ನೀವೇ ಕರೆಯಬೇಕು ಅನಿಸುತ್ತದೆ, ಅಲ್ವಾ? ನಾಲ್ಕು ಬಾಟಲಿ ಸಾಕು. ಹಗುರದಿಂದ ಗಟ್ಟಿಗೆ, ಹೊಗೆ ಇಲ್ಲದ್ದರಿಂದ ಹೊಗೆಗೆ ಹೋಗುವುದು ಕ್ರಮ. ನಾನಾದರೆ ಹೀಗೆ ಇಡುತ್ತೇನೆ: ಮೊದಲು ಗ್ಲೆನ್‌ಲಿವೆಟ್ 12. ಆಮೇಲೆ ಗೋವಾದಲ್ಲಿ ತಯಾರಾಗುವ, ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರ ಪಾಲ್ ಜಾನ್ ಬ್ರಿಲಿಯನ್ಸ್. ಮೂರನೆಯದು ಅಮೃತ್ ಫ್ಯೂಷನ್. ಅದರಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತಂದ ಪೀಟ್ ಹೊಗೆಯ ಬಾರ್ಲಿಯೂ ಕಾಲುಭಾಗ ಇರುತ್ತದೆ, ಆಲ್ಕೋಹಾಲ್ ಶೇ 50. ಕೊನೆಗೆ ಪೂರ್ತಿ ಹೊಗೆಯ ಆರ್ಡ್‌ಬೆಗ್ 10. ಫ್ಯೂಷನ್‌ನಲ್ಲಿ ಹೊಗೆಯ ಸುಳಿವು ಸಿಕ್ಕ ಮೇಲೆ ಆರ್ಡ್‌ಬೆಗ್ ಹೆದರಿಸುವುದಿಲ್ಲ. ಇದನ್ನು ತಿರುವು ಮುರುವು ಮಾಡಿದರೆ ಆರ್ಡ್‌ಬೆಗ್ ಆದ ಮೇಲೆ ಬೇರೆ ಯಾವುದೂ ಬಾಯಿಗೆ ಹತ್ತುವುದಿಲ್ಲ.

ನಡುವೆ ಬಾಯಿಗೆ ತಣ್ಣಗಿಲ್ಲದ ನೀರು ಮತ್ತು ಸಪ್ಪೆ ಬ್ರೆಡ್ ಕೊಡಿ. ಕಬಾಬ್, ಕಡಲೆಬೀಜದ ಮಸಾಲ ಎಲ್ಲ ಕೊನೆಯ ಗ್ಲಾಸ್ ಆದ ಮೇಲೆ ಅಡುಗೆಮನೆಯಿಂದ ಹೊರಗೆ ಬರಲಿ. ಆವತ್ತು ದೇವರ ದೀಪ ಹಚ್ಚಿ, ಆದರೆ ಊದುಬತ್ತಿ ಬೆಳಿಗ್ಗೆಯೇ ಮುಗಿದಿರಲಿ. ಊಟದ ಕೊನೆಗೆ ಮೈಸೂರು ಪಾಕ್ ಜೊತೆ ಶೆರಿ ಪೀಪಾಯಿಯ ವಿಸ್ಕಿಯ ಒಂದು ಗುಟುಕು ಸಿಕ್ಕರೆ ಅದರ ರುಚಿಯೇ ಬೇರೆ.

ದುಡ್ಡು ಹಂಚಿಕೊಂಡು ಬಾಟಲಿ ತರುವುದು ಗೆಳೆಯರ ನಡುವಿನ ವ್ಯವಹಾರ ಆಗಿಯೇ ಇರಲಿ. ಟಿಕೆಟ್ ಮಾರಿ, ಹಾಲ್ ಹಿಡಿದು ನಡೆಸಲು ಹೊರಟರೆ ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕು. ವಿದೇಶದಿಂದ ಬರುವವರು ತಲಾ 2 ಲೀಟರ್ ಸುಂಕವಿಲ್ಲದೆ ತರಬಹುದು, ಇಬ್ಬರಿಗೆ 4 ಲೀಟರ್. ಕೂಟದಲ್ಲಿ ಯಾರಾದರೂ ಊರಿಗೆ ಬರುತ್ತಿದ್ದರೆ ಮುಂಚೆಯೇ ಹೇಳಿಡಿ.

ಉಳಿದ ವಿಸ್ಕಿ ಕೆಟ್ಟುಹೋಗುವುದಿಲ್ಲ, ಆದರೆ ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದರೆ ಒಳಗಿನ ಗಾಳಿಗೆ ಕೆಲವೇ ತಿಂಗಳಲ್ಲಿ ವಾಸನೆ ಮಂಕಾಗುತ್ತದೆ. ಚಿಕ್ಕ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿಸಿಡಿ. ಬಿಸಿಲು ಬೀಳದ ಕಡೆ ಇರಲಿ. ಕಾರ್ಕ್ ಇರುವ ಬಾಟಲಿಯನ್ನು ವೈನ್ ಹಾಗೆ ಮಲಗಿಸಬೇಡಿ, ಆಲ್ಕೋಹಾಲ್ ಕಾರ್ಕನ್ನು ತಿಂದುಹಾಕುತ್ತದೆ. ಸೀಸೆಯ ಮೇಲೆ ವಿಸ್ಕಿಯ ಹೆಸರು, ತುಂಬಿಸಿದ ತಾರೀಖು ಬರೆದು ಅಂಟಿಸಿ. ಆವತ್ತು ಬರಲಾಗದ ಗೆಳೆಯರಿಗೆ ಅದನ್ನೇ ಕಳಿಸಿಕೊಡಬಹುದು, ಜೊತೆಗೆ ನಿಮ್ಮಿಬ್ಬರ ನೋಟ್ಸ್ ಬೇಡ. ಅವರು ತಮ್ಮದನ್ನು ಬರೆದು ಕಳಿಸಿದ ಮೇಲೆ ನಿಮ್ಮದನ್ನು ಕೊಡಿ.